ಕೆಮಿಸ್ಟ್ರಿ ಪದವಿಗೆ ಇನ್ನೊಂದು ವಿಷಯವನ್ನು ಬೆಸೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ನೈಟ್ರೋಜನ್ನಿಗೆ ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಅವರ ಉಪಕರಣ ಒಂದು ಮೇಜಿನ ಮೇಲೆ ಹಿಡಿಸುವಷ್ಟಿತ್ತು. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತರುವ ಕೆಲಸ ಕಾರ್ಲ್ ಬಾಷ್ ಅವರ ಪಾಲಿಗೆ ಬಂತು. ದೊಡ್ಡ ಉಕ್ಕಿನ ಕೊಳವೆಗಳಲ್ಲಿ ಸುಮಾರು 200 ವಾತಾವರಣ ಒತ್ತಡ, 500 ಡಿಗ್ರಿಯಷ್ಟು ಬಿಸಿ. ಕೆಲವೇ ದಿನಗಳಲ್ಲಿ ಕೊಳವೆಗಳು ಸಿಡಿದುಹೋದವು.

ಕೆಮಿಸ್ಟ್ರಿ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಉಕ್ಕಿನಲ್ಲಿ. ಬಿಸಿ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ, ಅಲ್ಲಿರುವ ಕಾರ್ಬನ್ ಜೊತೆ ಸೇರಿ ಮೀಥೇನ್ ಆಗುತ್ತಿತ್ತು. ಕಾರ್ಬನ್ ಕಳೆದುಕೊಂಡ ಉಕ್ಕು ಗಟ್ಟಿತನ ಕಳೆದುಕೊಂಡು ಬಿರುಕು ಬಿಡುತ್ತಿತ್ತು. ಬಾಷ್ ಕಂಡುಕೊಂಡ ದಾರಿ ನೋಡಿ: ಒಳಗೆ ಕಾರ್ಬನ್ ಬಹಳ ಕಡಿಮೆ ಇರುವ ಮೆದು ಕಬ್ಬಿಣದ ಪದರ, ಹೊರಗೆ ಒತ್ತಡ ತಡೆಯುವ ಉಕ್ಕಿನ ಕವಚ. ಒಳಪದರ ದಾಟಿ ಬಂದ ಹೈಡ್ರೋಜನ್ ಹೊರಹೋಗಲಿ ಎಂದು ಆ ಕವಚದಲ್ಲಿ ಸಣ್ಣ ಸಣ್ಣ ತೂತು. 1913ರಲ್ಲಿ ಜರ್ಮನಿಯ ಓಪೌನಲ್ಲಿ ಕಾರ್ಖಾನೆ ಶುರುವಾಯಿತು.

ಬಾಷ್ ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿದವರು. ಅದಕ್ಕೂ ಮೊದಲು ಅವರು ಲೋಹಶಾಸ್ತ್ರ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದರು. ಹೈಡ್ರೋಜನ್ ಏನು ಮಾಡುತ್ತದೆ ಎಂಬುದೂ ಗೊತ್ತು, ಉಕ್ಕು ಯಾಕೆ ಸೋಲುತ್ತದೆ ಎಂಬುದೂ ಗೊತ್ತು. ಎರಡು ತಿಳಿವಳಿಕೆ ಒಂದೇ ತಲೆಯಲ್ಲಿ ಸೇರಿದ ಜಾಗವನ್ನೇ ನಾನು ಈ ಬರಹದಲ್ಲಿ ಬೆಸುಗೆ ಎಂದು ಕರೆಯುತ್ತೇನೆ.

ಪದವಿಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದೀರಿ, ಇನ್ನೊಂದು ವಿಷಯದ ಮೇಲೂ ಮನಸ್ಸಿದೆ ಅಂದುಕೊಳ್ಳಿ. "ಕೆಮಿಸ್ಟ್ರಿ ಜೊತೆ ಯಾವುದು ತಗೊಂಡ್ರೆ ಒಳ್ಳೇದು?" ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಆದರೆ ನಿಮ್ಮ ಉತ್ತರಕ್ಕೆ ತಲುಪುವ ದಾರಿ ಇದೆ.

ಹಂತ 1: ಕೆಮಿಸ್ಟ್ರಿಯಲ್ಲಿ ನಿಮಗೆ ಹಿಡಿಸಿದ್ದು ಯಾವುದು ಎಂದು ಬರೆದಿಡಿ

ಎರಡನೇ ವಿಷಯದ ಪಟ್ಟಿ ನೋಡುವ ಮೊದಲು ಮೊದಲನೆಯದನ್ನೇ ಸರಿಯಾಗಿ ನೋಡಿ. ಕೆಮಿಸ್ಟ್ರಿ ಎಂಬ ಒಂದೇ ಹೆಸರಿನಡಿ ತುಂಬಾ ಬೇರೆ ಬೇರೆ ಕೆಲಸಗಳಿವೆ. ಒಬ್ಬರಿಗೆ ಫ್ಲಾಸ್ಕಿನಲ್ಲಿ ಹರಳು ಮೂಡುವುದನ್ನು ನೋಡುವುದೇ ಸಂತೋಷ. ಇನ್ನೊಬ್ಬರಿಗೆ ಎನ್‌ಎಂಆರ್ ಯಂತ್ರದ ಗ್ರಾಫಿನ ಶಿಖರಗಳನ್ನು ಓದಿ ಅಣುವಿನ ರೂಪ ಬಿಡಿಸುವುದು ಒಗಟಿನ ಹಾಗೆ. ಮತ್ತೊಬ್ಬರಿಗೆ ಲ್ಯಾಬ್ ಅಂದರೆ ಬೇಸರ, ಆದರೆ ಥರ್ಮೋಡೈನಮಿಕ್ಸ್ ಲೆಕ್ಕಕ್ಕೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮೂರು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಕ್ಲಾಸು, ಪ್ರತಿ ಪ್ರಾಕ್ಟಿಕಲ್ಸ್ ಆದಮೇಲೆ ಎರಡು ಸಾಲು ಬರೆಯಿರಿ. ಯಾವ ಹೊತ್ತಿನಲ್ಲಿ ಮನಸ್ಸು ಪೂರ್ತಿ ಅಲ್ಲೇ ಇತ್ತು? ಕ್ಲಾಸು ಮುಗಿದಮೇಲೂ ತಲೆಯಲ್ಲಿ ಉಳಿದ ಪ್ರಶ್ನೆ ಯಾವುದು? ಈ ಎರಡನೆಯದು ಬಹಳ ಮುಖ್ಯ. ಹಾಗೆ ಉಳಿದ ಪ್ರಶ್ನೆ ಎಷ್ಟೋ ಸಲ ಕೆಮಿಸ್ಟ್ರಿಯ ಗಡಿ ದಾಟಿರುತ್ತದೆ. "ಈ ಔಷಧಿ ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತೆ?" ಎಂಬುದು ಜೀವಶಾಸ್ತ್ರದ ಪ್ರಶ್ನೆ. "ಇದು ವಿಷ ಅಂತ ಗೊತ್ತಿದ್ದೂ ಇನ್ನೂ ಯಾಕೆ ಮಾರ್ತಾರೆ?" ಎಂಬುದು ಕಾನೂನಿನದು, ಅರ್ಥಶಾಸ್ತ್ರದ್ದು. "ಮೂರು ರೀಡಿಂಗ್ ತಗೊಂಡು ಸರಾಸರಿ ಹಾಕಿದ್ರೆ ಸಾಕಾ?" ಎಂಬುದು ಸಂಖ್ಯಾಶಾಸ್ತ್ರದ್ದು.

ಮೂರು ವಾರದ ಕೊನೆಗೆ ಅಂಥ ಹತ್ತು ಪ್ರಶ್ನೆಗಳಿದ್ದರೆ ಅವು ಎತ್ತ ಕಡೆ ವಾಲಿವೆ ಎಂದು ನೀವೇ ನೋಡಬಹುದು. ಯಾವ ವಿಷಯಕ್ಕೆ ಬೇಡಿಕೆ ಇದೆ ಎಂಬುದನ್ನೂ ನೋಡಿ, ತಪ್ಪಿಲ್ಲ. ಆದರೆ ಬೇಡಿಕೆ ಮಾತ್ರ ನೋಡಿ ತೆಗೆದುಕೊಂಡ ವಿಷಯವನ್ನು ಎರಡನೇ ವರ್ಷದ ಕಷ್ಟದ ಸೆಮಿಸ್ಟರ್‌ನಲ್ಲಿ ಕೈಬಿಡುವುದು ಸುಲಭ. ನಿಮ್ಮದೇ ಪ್ರಶ್ನೆಯಿಂದ ಹುಟ್ಟಿದ ವಿಷಯವನ್ನು ಅಷ್ಟು ಸುಲಭವಾಗಿ ಬಿಡಲು ಮನಸ್ಸು ಬರುವುದಿಲ್ಲ.

ಹಂತ 2: ಜೋಡಿಗಳನ್ನು ಹತ್ತಿರದಿಂದ ನೋಡಿ

ಈ ಹಂತ ಉದ್ದ. ನಿಮ್ಮ ಪ್ರಶ್ನೆಗಳಿಗೆ ಹತ್ತಿರವಾದ ಭಾಗವನ್ನು ಮೊದಲು ಓದಿ.

*ಕಂಪ್ಯೂಟರ್ ಮತ್ತು ಡೇಟಾ.* ಈಗ ಎಲ್ಲರ ಬಾಯಲ್ಲೂ ಇರುವ ಜೋಡಿ ಇದು. 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅರ್ಧ ಡೇವಿಡ್ ಬೇಕರ್ ಅವರಿಗೆ ಹೋಯಿತು, ಉಳಿದರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ. ಪ್ರೋಟೀನಿನ ಮಡಿಕೆಯನ್ನು ಕಂಪ್ಯೂಟರಿನಲ್ಲಿ ಮುಂಚೆಯೇ ಊಹಿಸುವ ಕೆಲಸಕ್ಕೆ ಈ ಎರಡನೇ ಅರ್ಧ. ಹಸಾಬಿಸ್ ಕಂಪ್ಯೂಟರ್ ಸೈನ್ಸ್ ಓದಿ ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. ಜಂಪರ್ ಭೌತಶಾಸ್ತ್ರ ಮತ್ತು ಗಣಿತ ಓದಿ, ಆಮೇಲೆ ಥಿಯರೆಟಿಕಲ್ ಕೆಮಿಸ್ಟ್ರಿಗೆ ಬಂದವರು.

ಇಲ್ಲಿ ಕೆಮಿಸ್ಟ್ರಿ ಓದಿದವರ ಬೆಲೆ ಎಲ್ಲಿದೆ? ಒಂದು ಉದಾಹರಣೆ ನೋಡೋಣ. ಅಣುಗಳನ್ನು ಕಂಪ್ಯೂಟರಿಗೆ ಅಕ್ಷರಗಳ ಸಾಲಾಗಿ ಕೊಡುವ ಸ್ಮೈಲ್ಸ್ ಎಂಬ ಲಿಪಿ ಇದೆ. ಅದರಲ್ಲಿ ಎಥನಾಲ್ ಅಂದರೆ ಸಿ, ಸಿ, ಓ ಎಂಬ ಮೂರೇ ಅಕ್ಷರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಆರ್‌ಡಿಕಿಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡರೆ ಸಾವಿರಾರು ಅಣುಗಳ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಸೋಸಬಹುದು. ಯಾವ ಅಣು ನೀರಿನಲ್ಲಿ ಎಷ್ಟು ಕರಗುತ್ತದೆ ಎಂದು ಊಹಿಸುವ ಮಾಡೆಲ್ ಕಟ್ಟಬಹುದು. ಬರೀ ಕೋಡ್ ಗೊತ್ತಿದ್ದವರೂ ಇಷ್ಟು ಮಾಡುತ್ತಾರೆ.

ಆದರೆ ಅದೇ ಪಟ್ಟಿಯಲ್ಲಿ ಒಂದು ಸಾಲಿನ ಅಳತೆ ಲೀಟರಿಗೆ ಮಿಲಿಗ್ರಾಂ, ಇನ್ನೊಂದರದ್ದು ಲೀಟರಿಗೆ ಮೋಲ್ ಎಂದು ಯಾರಿಗೆ ಕಾಣುತ್ತದೆ? ಒಂದೇ ಔಷಧಿ ಒಮ್ಮೆ ಆಮ್ಲವಾಗಿ, ಒಮ್ಮೆ ಅದರ ಸೋಡಿಯಂ ಲವಣವಾಗಿ ಎರಡು ಸಲ ಬಂದಿದೆ, ಎರಡರ ಕರಗುವಿಕೆಗೂ ಅಜಗಜಾಂತರ ಎಂದು ಯಾರಿಗೆ ಹೊಳೆಯುತ್ತದೆ? ಇನ್ನೊಂದು ದೊಡ್ಡ ಹಳ್ಳ ಇದೆ. ಕಲಿಸಲು ಒಂದಷ್ಟು, ಪರೀಕ್ಷಿಸಲು ಒಂದಷ್ಟು ಎಂದು ಡೇಟಾವನ್ನು ಸುಮ್ನೆ ಲಾಟರಿ ಎತ್ತಿ ಹಂಚಿದರೆ, ಒಂದೇ ಮೂಲ ಚೌಕಟ್ಟಿನ ಅಕ್ಕತಂಗಿ ಅಣುಗಳು ಎರಡೂ ಕಡೆ ಸೇರುತ್ತವೆ. ಮಾಡೆಲ್ ಕಲಿತದ್ದಕ್ಕಿಂತ ನೆನಪಿಟ್ಟದ್ದೇ ಜಾಸ್ತಿ ಆಗಿ, ಅಂಕ ಮಾತ್ರ ಚೆನ್ನಾಗಿ ಬರುತ್ತದೆ. ಚೌಕಟ್ಟಿನ ಪ್ರಕಾರ ಗುಂಪು ಮಾಡಿ, ಇಡೀ ಗುಂಪನ್ನೇ ಒಂದು ಕಡೆ ಹಾಕಿದಾಗ ನಿಜವಾದ ಅಂಕ ಗೊತ್ತಾಗುತ್ತದೆ. ಬೆಸುಗೆಯ ಕೆಲಸ ಅಂದರೆ ಇದೇ.

ಇದಕ್ಕೆ ಏನು ಕಲಿಯಬೇಕು? ಪೈಥಾನ್, ಸಂಖ್ಯಾಶಾಸ್ತ್ರದ ಎರಡು ಗಟ್ಟಿ ಪೇಪರ್, ಲೀನಿಯರ್ ಆಲ್ಜಿಬ್ರಾ. ಈ ಮೂರೂ ಇಲ್ಲದೆ ನೇರ ಮಷಿನ್ ಲರ್ನಿಂಗ್ ಕೋರ್ಸಿಗೆ ಹಾರುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ.

*ಭೌತಶಾಸ್ತ್ರ ಮತ್ತು ಗಣಿತ.* ಇದು ನನಗೆ ತುಂಬಾ ಪ್ರೀತಿಯ ಜೋಡಿ. 1998ರ ಕೆಮಿಸ್ಟ್ರಿ ನೊಬೆಲ್ ಪಡೆದ ಇಬ್ಬರಲ್ಲಿ ವಾಲ್ಟರ್ ಕೋನ್ ಭೌತಶಾಸ್ತ್ರಜ್ಞ, ಜಾನ್ ಪೋಪಲ್ ಗಣಿತದಲ್ಲಿ ಪದವಿ ಮಾಡಿದವರು. ಇವತ್ತು ಒಂದು ಅಣುವಿನ ಶಕ್ತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಕೋನ್ ಅಡಿಪಾಯ ಹಾಕಿದ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತವನ್ನು ದಿನನಿತ್ಯ ಬಳಸುತ್ತಾರೆ. ಬ್ಯಾಟರಿ, ಸೌರಕೋಶ, ಸೆಮಿಕಂಡಕ್ಟರ್ ಕೆಲಸಕ್ಕೆಲ್ಲ ಈ ಜೋಡಿಯೇ ತಳಪಾಯ. ಕೆಮಿಸ್ಟ್ರಿ ಪದವಿಯೊಳಗೇ ಗಣಿತ ಎಷ್ಟು ಅಡಗಿದೆ ನೋಡಿ. ರಿಯಾಕ್ಷನ್ ವೇಗ ಅಂದರೆ ಡಿಫರೆನ್ಷಿಯಲ್ ಸಮೀಕರಣ. ಅಣುವಿನ ಕಕ್ಷೆಗಳ ಶಕ್ತಿ ಅಂದರೆ ಮ್ಯಾಟ್ರಿಕ್ಸಿನ ಐಗನ್ ಮೌಲ್ಯ. ಎನ್‌ಎಂಆರ್ ಯಂತ್ರ ಕೊಡುವ ಗ್ರಾಫು ಫೂರಿಯೇ ರೂಪಾಂತರದಿಂದ ಬಂದದ್ದು. ಬೇರೆ ಯಾವ ಜೋಡಿ ಆರಿಸಿದರೂ ಗಣಿತದ ಎರಡು ಮೂರು ಪೇಪರ್ ಹೆಚ್ಚಿಗೆ ಓದಿ ಎನ್ನುವುದು ಅದಕ್ಕೇ.

*ಜೀವಶಾಸ್ತ್ರ.* ಹಳೆಯ, ನಂಬಿಕೆಯ ಜೋಡಿ. ಡೊರೊಥಿ ಹಾಡ್ಜ್‌ಕಿನ್ ಎಕ್ಸ್‌ರೇ ಹಾಯಿಸಿ ಪೆನಿಸಿಲಿನ್, ವಿಟಮಿನ್ ಬಿ12, ಕೊನೆಗೆ 1969ರಲ್ಲಿ ಇನ್ಸುಲಿನ್ನಿನ ರಚನೆ ಬಿಡಿಸಿದರು. ವೆಂಕಟರಾಮನ್ ರಾಮಕೃಷ್ಣನ್ ಅವರ ದಾರಿ ಇನ್ನೂ ಕುತೂಹಲದ್ದು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವಶಾಸ್ತ್ರ ಕಲಿತರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಗಾಗಿ 2009ರಲ್ಲಿ ಅವರಿಗೆ ಬಂದದ್ದು ಕೆಮಿಸ್ಟ್ರಿಯ ನೊಬೆಲ್. ತಡವಾಯಿತು ಎಂದು ಅಂಜುವವರು ಇದನ್ನು ನೆನಪಿಡಿ.

ಒಂದು ಎಚ್ಚರಿಕೆ ಇದೆ. ಜೀವಶಾಸ್ತ್ರ ಜೋಡಿಸಿದರೆ ಲ್ಯಾಬ್ ಗಂಟೆಗಳು ದುಪ್ಪಟ್ಟಾಗುತ್ತವೆ. ಆ ಲೆಕ್ಕ ನಾಲ್ಕನೇ ಹಂತದಲ್ಲಿ ಬರುತ್ತದೆ.

*ಪರಿಸರ ಮತ್ತು ಸಾರ್ವಜನಿಕ ನೀತಿ.* ಸ್ಪ್ರೇ ಡಬ್ಬಿ, ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ ಅನಿಲಗಳು ಮೇಲಿನ ವಾತಾವರಣಕ್ಕೆ ಹೋಗಿ ಓಝೋನನ್ನು ಒಡೆಯುತ್ತವೆ ಎಂದು ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲ್ಯಾಂಡ್ ತೋರಿಸಿದ್ದು 1974ರಲ್ಲಿ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾದ ವರದಿ ಬಂದದ್ದು 1985ರಲ್ಲಿ. ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರಲ್ಲಿ. ಮೊದಲ ಪ್ರಬಂಧದಿಂದ ಒಪ್ಪಂದಕ್ಕೆ 13 ವರ್ಷ. ಆ ವರ್ಷಗಳಲ್ಲಿ ಸಿಎಫ್‌ಸಿಯಿಂದ ಬಿಡಿಸಿಕೊಂಡ ಕ್ಲೋರಿನ್ ಪರಮಾಣು ಓಝೋನನ್ನು ಮತ್ತೆ ಮತ್ತೆ ಒಡೆಯುವ ಚಕ್ರ ಗೊತ್ತಿದ್ದವರು ಅದನ್ನು ಅಧಿಕಾರಿಗಳಿಗೆ, ಉದ್ಯಮದವರಿಗೆ, ಸಾಮಾನ್ಯ ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕಿತ್ತು. ರೋಲ್ಯಾಂಡ್ ಮತ್ತು ಮೊಲಿನಾ ಅದನ್ನು ಮಾಡಿದರು. ಅವರೊಂದಿಗೆ 1995ರ ನೊಬೆಲ್ ಹಂಚಿಕೊಂಡ ಪಾಲ್ ಕ್ರುಟ್ಸನ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಸೇತುವೆ ಕಟ್ಟುವ ಕಚೇರಿಯಲ್ಲಿದ್ದವರು ಕಂಪ್ಯೂಟರ್ ಪ್ರೋಗ್ರಾಮರ್ ಆಗಿ ಹವಾಮಾನ ವಿಭಾಗಕ್ಕೆ ಸೇರಿ, ಅಲ್ಲಿಂದ ವಾತಾವರಣದ ಕೆಮಿಸ್ಟ್ರಿಗೆ ಬಂದರು. ಈ ದಾರಿಯವರು ಅರ್ಥಶಾಸ್ತ್ರದ ಒಂದು ಪೇಪರ್ ಖಂಡಿತ ಓದಬೇಕು. ಒಂದು ರಾಸಾಯನಿಕವನ್ನು ನಿಲ್ಲಿಸಬೇಕು ಎನ್ನುವವರಿಗೆ ಅದರ ಬದಲಿಗೆ ಏನು, ಅದರ ಖರ್ಚು ಯಾರ ಮೇಲೆ ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ.

*ಕಾನೂನು.* ಪೇಟೆಂಟ್ ಕೆಲಸದಲ್ಲಿ ಕೆಮಿಸ್ಟ್ರಿ ಓದಿದವರ ಅಗತ್ಯ ಎದ್ದು ಕಾಣುತ್ತದೆ. ಪೇಟೆಂಟಿನ ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಒಂದೇ ಹಕ್ಕು ವಾಕ್ಯದಲ್ಲಿ "ಈ ಜಾಗದಲ್ಲಿ ಒಂದರಿಂದ ಆರು ಕಾರ್ಬನ್ನಿನ ಆಲ್ಕೈಲ್ ಗುಂಪು, ಅಥವಾ ಇದು, ಅಥವಾ ಅದು" ಎಂದು ಬರೆದು ಸಾವಿರಾರು ಅಣುಗಳನ್ನು ಒಟ್ಟಿಗೆ ಕಾಪಾಡಿಕೊಳ್ಳುವ ಪದ್ಧತಿ ಇದೆ. ಇದಕ್ಕೆ ಮಾರ್ಕುಶ್ ಹಕ್ಕು ಎನ್ನುತ್ತಾರೆ. ಆ ಪಟ್ಟಿಯೊಳಗೆ ಎದುರಾಳಿಯ ಅಣು ಬಿದ್ದಿದೆಯೋ ಇಲ್ಲವೋ ಎಂದು ಹೇಳಲು ರಚನೆ ಓದಲು ಬರಬೇಕು, ವಾಕ್ಯ ಓದಲೂ ಬರಬೇಕು. "ಒಳಗೊಂಡಿದೆ" ಮತ್ತು "ಇಷ್ಟರಿಂದಲೇ ಆಗಿದೆ" ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ಬಹಳ ತೂಕ. ಕಾನೂನನ್ನು ಪದವಿಯ ಜೊತೆಗೇ ಓದುವುದಕ್ಕಿಂತ ಪದವಿ ಮುಗಿಸಿ ಓದುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಾರ್ಗರೆಟ್ ಥ್ಯಾಚರ್ ಆಕ್ಸ್‌ಫರ್ಡ್‌ನಲ್ಲಿ ಕೆಮಿಸ್ಟ್ರಿ ಓದಿ, ಹಾಡ್ಜ್‌ಕಿನ್ ಅವರ ಮಾರ್ಗದರ್ಶನದಲ್ಲಿ ಹರಳುಗಳ ಮೇಲೆ ಕೆಲಸ ಮಾಡಿ, ಆಮೇಲೆ ಕಾನೂನು ಓದಿ 1953ರಲ್ಲಿ ಬ್ಯಾರಿಸ್ಟರ್ ಆದರು. ಸಂಸತ್ ಸದಸ್ಯತ್ವ, ಬ್ರಿಟನ್ನಿನ ಪ್ರಧಾನಿ ಹುದ್ದೆ ಎಲ್ಲ ಅದಾದ ಮೇಲಿನ ಮಾತು.

*ಕಲೆ, ಇತಿಹಾಸ, ಪುರಾತತ್ವ.* ಈ ಕಡೆ ನೋಡುವವರು ಕಡಿಮೆ. ನೋಡಬೇಕು. ವಿಲ್ಲರ್ಡ್ ಲಿಬ್ಬಿ ಕಾರ್ಬನ್-14 ಹಿಡಿದು ಹಳೆಯ ಮರ, ಬಟ್ಟೆ, ಮೂಳೆಗಳ ವಯಸ್ಸು ಹೇಳುವ ವಿಧಾನ ಕೊಟ್ಟರು. 1960ರಲ್ಲಿ ಅದಕ್ಕೇ ನೊಬೆಲ್ ಬಂತು. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು 5,730 ವರ್ಷ. ಹಾಗಾಗಿ ಸುಮಾರು 50 ಸಾವಿರ ವರ್ಷ ದಾಟಿದ ವಸ್ತುವಿನಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. ಚಿತ್ರಕಲೆಯಲ್ಲೂ ಇಂಥದ್ದೇ ಪತ್ತೇದಾರಿಕೆ ಇದೆ. ಟೈಟಾನಿಯಂ ಬಿಳಿ ಬಣ್ಣ ಮಾರುಕಟ್ಟೆಗೆ ಬಂದದ್ದು 1916ರ ನಂತರ. 1914ರದ್ದು ಎಂದು ಮಾರಾಟವಾಗಿದ್ದ ಒಂದು ಜರ್ಮನ್ ಚಿತ್ರದಲ್ಲಿ ಆ ಬಿಳಿ ಸಿಕ್ಕಿತು. ಅದರ ಬೆನ್ನು ಹತ್ತಿ ಹೋದಾಗ ದೊಡ್ಡ ನಕಲಿ ಜಾಲವೇ ಹೊರಬಂತು. ವಸ್ತುವಿಗೆ ಗಾಯ ಮಾಡದೆ ಎಕ್ಸ್‌ರೇ ಫ್ಲೋರೆಸೆನ್ಸ್, ರಾಮನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಬಣ್ಣ ಗುರುತಿಸುವುದನ್ನು ಕೆಮಿಸ್ಟ್ರಿ ವಿದ್ಯಾರ್ಥಿ ಕಲಿಯಬಲ್ಲ. ಆ ಬಣ್ಣ ಆ ಕಾಲದಲ್ಲಿ ಇತ್ತೇ ಎಂದು ಹೇಳಲು ಇತಿಹಾಸ ಬೇಕು.

ಮ್ಯಾನೇಜ್‌ಮೆಂಟ್ ಮತ್ತು ಶಿಕ್ಷಣ, ಇವೆರಡನ್ನೂ ಪದವಿಯ ನಂತರಕ್ಕೆ ಇಟ್ಟುಕೊಂಡರೆ ನಷ್ಟ ಇಲ್ಲ. ಬರವಣಿಗೆ ಹಾಗಲ್ಲ, ಈಗಲೇ ಶುರು ಮಾಡಿ. ರಾಸಾಯನಿಕಗಳ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರಕ್ಕೆ 16 ಭಾಗಗಳಿರುತ್ತವೆ. ಅದನ್ನು ತಪ್ಪಿಲ್ಲದೆ, ಕೆಲಸಗಾರನಿಗೆ ಅರ್ಥವಾಗುವ ಹಾಗೆ ಬರೆಯುವುದೇ ಒಂದು ವೃತ್ತಿ.

ಹಂತ 3: ಎಷ್ಟು ಗಟ್ಟಿಯಾಗಿ ಬೆಸೆಯಬೇಕು ಎಂದು ತೀರ್ಮಾನಿಸಿ

ಎರಡೂ ವಿಷಯವನ್ನು ಪೂರ್ತಿ ಓದುವುದು ಡಬಲ್ ಮೇಜರ್. ಒಂದು ಪೂರ್ತಿ, ಇನ್ನೊಂದು ಕೆಲವೇ ಪೇಪರ್ ಆದರೆ ಮೈನರ್. ಕೆಲವು ಕಡೆ ಬಯೋಕೆಮಿಸ್ಟ್ರಿ, ಕೆಮಿಕಲ್ ಫಿಸಿಕ್ಸ್, ಮೆಟೀರಿಯಲ್ಸ್ ಸೈನ್ಸ್ ಎಂದು ಮೊದಲೇ ಬೆಸೆದ ಪದವಿಗಳೇ ಇರುತ್ತವೆ. ಇವು ಬಿಟ್ಟರೆ ಕೆಮಿಸ್ಟ್ರಿ ಮುಗಿಸಿ ಬೇರೆ ವಿಷಯದಲ್ಲಿ ಸ್ನಾತಕೋತ್ತರ ಓದಬಹುದು. ಪದವಿಯ ಹೊರಗೆ ಸ್ವಂತವಾಗಿಯೂ ಕಲಿಯಬಹುದು.

ಹೇಗೆ ಆರಿಸುವುದು? ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದೆ ನೀವು ಸೇರಬೇಕೆಂದಿರುವ ಕೆಲಸಕ್ಕೋ ಕೋರ್ಸಿಗೋ ಎರಡನೇ ವಿಷಯದ ಪ್ರಮಾಣಪತ್ರ ಬೇಕಾ, ಅಥವಾ ಆ ಕೈಚಳಕ ಬಂದರೆ ಸಾಕಾ? ಭೌತಶಾಸ್ತ್ರದ ಸ್ನಾತಕೋತ್ತರಕ್ಕೆ ಸೇರಲು ಪದವಿಯಲ್ಲಿ ಇಷ್ಟು ಭೌತಶಾಸ್ತ್ರ ಓದಿರಲೇಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಅಲ್ಲಿ ಡಬಲ್ ಮೇಜರ್‌ಗೆ ಅರ್ಥ ಇದೆ. ಪ್ರೋಗ್ರಾಮಿಂಗ್‌ಗೆ ನೀವು ಬರೆದ ಕೋಡೇ ಸಾಕ್ಷಿ. ಅಲ್ಲಿ ಮೈನರ್ ಅಥವಾ ಸ್ವಂತ ಕಲಿಕೆ ಸಾಕು, ಉಳಿದ ಸಮಯವನ್ನು ಸಂಖ್ಯಾಶಾಸ್ತ್ರಕ್ಕೆ ಕೊಡಿ.

ಯಾವುದೆಂದು ತೀರ್ಮಾನ ಆಗದಿದ್ದರೆ ಮೈನರ್‌ನಿಂದ ಶುರು ಮಾಡಿ. ಮೈನರನ್ನು ದೊಡ್ಡದು ಮಾಡುವುದು ಸುಲಭ. ಡಬಲ್ ಮೇಜರ್ ಅರ್ಧಕ್ಕೆ ನಿಂತರೆ ಬೇಕಿಲ್ಲದ ಒಂದಷ್ಟು ಪೇಪರ್ ಉಳಿದುಬಿಡುತ್ತವೆ.

ಹಂತ 4: ಪೂರ್ತಿ ಪದವಿಯ ನಕ್ಷೆಯನ್ನು ಒಂದೇ ಹಾಳೆಯಲ್ಲಿ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಉತ್ಸಾಹ ಇರುತ್ತದೆ, ಹಾಳೆ ಇರುವುದಿಲ್ಲ.

ಒಂದು ದೊಡ್ಡ ಹಾಳೆಯಲ್ಲಿ ಎಲ್ಲ ಸೆಮಿಸ್ಟರ್‌ಗಳ ಕಂಬ ಹಾಕಿ. ಮೊದಲು ಕೆಮಿಸ್ಟ್ರಿಯ ಕಡ್ಡಾಯ ಪೇಪರ್‌ಗಳನ್ನು ತುಂಬಿ. ಆಮೇಲೆ ಎರಡನೇ ವಿಷಯದ್ದನ್ನು ಹಿಂದಿನಿಂದ ತುಂಬಿ. ಅಂದರೆ ನಿಮಗೆ ಬೇಕಾದ ಕೊನೆಯ ಪೇಪರ್ ಯಾವುದು, ಅದಕ್ಕೆ ಮೊದಲು ಯಾವುದು ಓದಿರಬೇಕು, ಅದಕ್ಕೂ ಮೊದಲು ಯಾವುದು, ಹೀಗೆ ಬಾಣದ ಗುರುತು ಹಾಕುತ್ತಾ ಮೊದಲ ಸೆಮಿಸ್ಟರಿಗೆ ಬನ್ನಿ. ಕ್ವಾಂಟಂ ಕೆಮಿಸ್ಟ್ರಿಗೆ ಲೀನಿಯರ್ ಆಲ್ಜಿಬ್ರಾ ಬೇಕು, ಅದಕ್ಕೆ ಮೊದಲು ಕ್ಯಾಲ್ಕುಲಸ್ ಕೇಳುವ ಕಡೆ ಜಾಸ್ತಿ. ಇಂಥ ಸರಪಳಿಯ ಒಂದು ಕೊಂಡಿ ತಪ್ಪಿದರೆ, ಅದೂ ಆ ಪೇಪರ್ ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥದ್ದಾದರೆ, ಇಡೀ ವರ್ಷ ಹಿಂದೆ ಬೀಳುತ್ತೀರಿ.

ಮುಂದಿನದು ಲ್ಯಾಬ್. ಕೆಮಿಸ್ಟ್ರಿಯ ಪ್ರಾಕ್ಟಿಕಲ್ಸ್‌ಗೆ ಕ್ರೆಡಿಟ್ ಕಡಿಮೆ, ಗಂಟೆ ಜಾಸ್ತಿ. ಮೂರು ನಾಲ್ಕು ಗಂಟೆ ನಿಂತು ಮಾಡಿದ ಪ್ರಯೋಗಕ್ಕೆ ರೆಕಾರ್ಡ್ ಬರೆಯಲು ಇನ್ನೆರಡು ಮೂರು ಗಂಟೆ ಬೇಕು. ಹಾಗಾಗಿ ಕ್ರೆಡಿಟ್ ಎಣಿಸಬೇಡಿ, ಗಂಟೆ ಎಣಿಸಿ. ಒಂದು ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿಯ ಎರಡು ಲ್ಯಾಬ್ ಇದ್ದರೆ ಎರಡನೇ ವಿಷಯದಿಂದ ಲ್ಯಾಬ್ ಇಲ್ಲದ ಪೇಪರನ್ನೇ ಆರಿಸಿ. ನಾನು ಓದುವಾಗ ಒಂದು ಸೆಮಿಸ್ಟರ್‌ನಲ್ಲಿ ಮೂರು ಲ್ಯಾಬ್ ಒಟ್ಟಿಗೆ ಹಾಕಿಕೊಂಡಿದ್ದೆ. ಮೂರರಲ್ಲೂ ಪಾಸಾದೆ, ಆದರೆ ಆ ಆರು ತಿಂಗಳಲ್ಲಿ ಓದಿದ ಥಿಯರಿ ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ರಜೆಯಲ್ಲಿ ಕೂತು ಅದನ್ನೆಲ್ಲ ಮತ್ತೆ ಓದಿದೆ.

ಎರಡೂ ಕಡೆ ಲೆಕ್ಕಕ್ಕೆ ಬರುವ ಪೇಪರ್‌ಗಳನ್ನು ಹುಡುಕಿ ಬೇರೆ ಬಣ್ಣದಲ್ಲಿ ಗುರುತಿಸಿ. ಗಣಿತ, ಸಂಖ್ಯಾಶಾಸ್ತ್ರ, ಬಯೋಕೆಮಿಸ್ಟ್ರಿ ಇಂಥವು ಹಾಗಿರಬಹುದು. ಒಂದೇ ಪೇಪರನ್ನು ಎರಡು ಕಡೆ ಲೆಕ್ಕಕ್ಕೆ ಹಿಡಿಯಲು ಮಿತಿ ಇದ್ದೇ ಇರುತ್ತದೆ. ಆ ನಿಯಮವನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಬರಹದಲ್ಲಿ ಪಡೆಯಿರಿ.

ಕೊನೆಗೆ ಹಾಳೆಯಲ್ಲಿ ಒಂದು ಸೆಮಿಸ್ಟರನ್ನು ಹಗುರವಾಗಿ ಬಿಡಿ. ಪ್ರಾಜೆಕ್ಟ್ ಅಲ್ಲಿಗೆ ಬರಬೇಕು.

ಹಂತ 5: ಬೆಸುಗೆಯ ಪ್ರಾಜೆಕ್ಟ್ ಮಾಡಿ

ಎರಡು ಅಂಕಪಟ್ಟಿ ಪಕ್ಕಪಕ್ಕ ಇಟ್ಟರೆ ವಿಷಯಗಳು ಸೇರುವುದಿಲ್ಲ. ಎರಡೂ ಗೊತ್ತಿಲ್ಲದೆ ಮುಗಿಸಲಾಗದ ಒಂದು ಕೆಲಸವನ್ನು ನೀವು ಮಾಡಿ ಮುಗಿಸಿದಾಗ ಸೇರುತ್ತವೆ. ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯ ಇದ್ದರೆ ಇದನ್ನೇ ಮಾಡಿ.

ಸಣ್ಣದಾಗಿರಲಿ. ಲ್ಯಾಬಿನಲ್ಲಿ ನೀವು ಆಗಲೇ ಮಾಡಿರುವ ಪ್ರಯೋಗದಿಂದಲೇ ಶುರು ಮಾಡಬಹುದು. ಬಣ್ಣದ ದ್ರಾವಣದ ಅಬ್ಸಾರ್ಬೆನ್ಸ್ (ಅದು ಬೆಳಕು ಹೀರುವ ಪ್ರಮಾಣ) ಅಳೆದು, ಬಿಯರ್–ಲ್ಯಾಂಬರ್ಟ್ ನಿಯಮದ ಪ್ರಕಾರ ಗೆರೆ ಎಳೆದು, ಗೊತ್ತಿಲ್ಲದ ದ್ರಾವಣದ ಸಾಂದ್ರತೆ ಹೇಳುತ್ತೀರಿ, ಅಲ್ವಾ? ಅದಕ್ಕೆ ಸಂಖ್ಯಾಶಾಸ್ತ್ರ ಬೆಸೆಯಿರಿ. ನೀವು ಹೇಳಿದ ಸಾಂದ್ರತೆ ಎಷ್ಟು ಹೆಚ್ಚುಕಡಿಮೆ ಆಗಬಹುದು? ಪಿಪೆಟ್‌ನ ತಪ್ಪು ಎಷ್ಟು, ಸ್ಪೆಕ್ಟ್ರೋಫೋಟೋಮೀಟರ್ ಯಂತ್ರದ್ದು ಎಷ್ಟು, ಕೈಯದ್ದು ಎಷ್ಟು? ಸಾಂದ್ರತೆ ಹೆಚ್ಚಾದಂತೆ ಗೆರೆ ಎಲ್ಲಿ ಬಾಗಲು ಶುರುವಾಗುತ್ತದೆ, ಆ ಬಾಗು ರಾಸಾಯನಿಕ ಕಾರಣದ್ದೋ ಯಂತ್ರದೊಳಗಿನ ಚದುರಿದ ಬೆಳಕಿನದ್ದೋ? ಇದಕ್ಕೆ ಸರಿಯಾಗಿ ಉತ್ತರ ಬರೆದವರು ಎರಡೂ ವಿಷಯ ಕಲಿತಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಕಾನೂನಿನ ಕಡೆಯವರು ಅವಧಿ ಮುಗಿದ ಒಂದು ಔಷಧಿ ಪೇಟೆಂಟ್ ತೆಗೆದುಕೊಂಡು, ಅದರ ಮೊದಲ ಹಕ್ಕು ವಾಕ್ಯದೊಳಗೆ ಬರುವ ಐದು ಅಣು, ಸ್ವಲ್ಪದರಲ್ಲೇ ಹೊರಗೆ ಉಳಿಯುವ ಐದು ಅಣು ಬರೆದು, ಪ್ರತಿಯೊಂದಕ್ಕೂ ಕಾರಣ ಕೊಡಲಿ. ಕಂಪ್ಯೂಟರ್ ಕಡೆಯವರಿಗೆ ಮೇಲೆ ಹೇಳಿದ ಕರಗುವಿಕೆಯ ಮಾಡೆಲ್ ಇದೆ. ಡೇಟಾವನ್ನು ಲಾಟರಿ ಎತ್ತಿ ಒಮ್ಮೆ, ಚೌಕಟ್ಟಿನ ಪ್ರಕಾರ ಒಮ್ಮೆ ಹಂಚಿ, ಅಂಕ ಎಷ್ಟು ಇಳಿಯಿತು ಎಂದು ತೋರಿಸಿ. ಇಳಿದದ್ದನ್ನು ಮುಚ್ಚಿಡಬೇಡಿ, ವರದಿಯಲ್ಲಿ ಓದಲು ಯೋಗ್ಯವಾದ ಭಾಗವೇ ಅದು. ಪರಿಸರದ ಕಡೆಯವರು ಒಂದೇ ರಾಸಾಯನಿಕವನ್ನು ಹಿಡಿದು, ಅದರ ಬಳಕೆ ನಿಂತ ಕಥೆಯನ್ನು ಅಣುವಿನಿಂದ ಒಪ್ಪಂದದವರೆಗೆ ಹತ್ತು ಪುಟದಲ್ಲಿ ಬರೆಯಲಿ.

ಪ್ರಾಜೆಕ್ಟಿಗೆ ಇಬ್ಬರು ಮಾರ್ಗದರ್ಶಕರು ಬೇಕು, ಪ್ರತಿ ವಿಷಯದಿಂದ ಒಬ್ಬರು. ಇಬ್ಬರನ್ನೂ ಶುರುವಿನಲ್ಲೇ ಒಂದು ಸಲ ಒಟ್ಟಿಗೆ ಕೂರಿಸಿ. ಒಂದೇ ಪದವನ್ನು ಅವರು ಬೇರೆ ಬೇರೆ ಅರ್ಥದಲ್ಲಿ ಬಳಸುವುದು ಆಗ ಗೊತ್ತಾಗುತ್ತದೆ. ಕೆಮಿಸ್ಟ್ರಿಯವರಿಗೆ ಮಾಡೆಲ್ ಅಂದರೆ ಅಣುವಿನ ಚಿತ್ರ ಇರಬಹುದು, ಸಂಖ್ಯಾಶಾಸ್ತ್ರದವರಿಗೆ ಸಮೀಕರಣ. ಇದು ಮೂರನೇ ತಿಂಗಳಲ್ಲಿ ಬಯಲಾದರೆ ತುಂಬಾ ಸಮಯ ಹಾಳು.

ಹಂತ 6: ಆ ದಾರಿಯಲ್ಲಿ ಈಗಾಗಲೇ ನಡೆದವರನ್ನು ಮಾತಾಡಿಸಿ

ನಿಮ್ಮ ಜೋಡಿಯನ್ನು ಓದಿ ಕೆಲಸದಲ್ಲಿರುವ ಮೂವರನ್ನಾದರೂ ಹುಡುಕಿ. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲೇ ಸಿಗಬಹುದು. ಪತ್ರ ಐದಾರು ಸಾಲಿನದ್ದಾಗಿರಲಿ: ನೀವು ಯಾರು, ಏನು ಓದುತ್ತಿದ್ದೀರಿ, ಅವರ ಯಾವ ಕೆಲಸ ನೋಡಿ ಬರೆಯುತ್ತಿದ್ದೀರಿ, ನಿಮ್ಮ ಎರಡು ನಿರ್ದಿಷ್ಟ ಪ್ರಶ್ನೆಗಳು. "ದಯವಿಟ್ಟು ಮಾರ್ಗದರ್ಶನ ಮಾಡಿ" ಎಂದು ಮಾತ್ರ ಬರೆದರೆ ಏನು ಉತ್ತರಿಸಬೇಕೆಂದು ಅವರಿಗೂ ತಿಳಿಯುವುದಿಲ್ಲ. "ನಿಮ್ಮ ದಿನದ ಕೆಲಸದಲ್ಲಿ ಕೆಮಿಸ್ಟ್ರಿ ನಿಜವಾಗಿ ಎಲ್ಲಿ ಬಳಕೆಗೆ ಬರುತ್ತೆ?" ಮತ್ತು "ಪದವಿಯಲ್ಲಿ ಯಾವ ಪೇಪರ್ ಓದಿದ್ರೆ ಚೆನ್ನಾಗಿತ್ತು ಅನ್ಸುತ್ತೆ?" ಎಂದು ಕೇಳಿ ನೋಡಿ. ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ನಾಲ್ಕನೇ ಹಂತದ ಹಾಳೆಯ ಪಕ್ಕ ಇಟ್ಟು ನೋಡಿ, ಬೇಕಾದರೆ ಹಾಳೆ ತಿದ್ದಿ.

ಹಂತ 7: ಭಾರ ಹೆಚ್ಚಾದರೆ ಯಾವುದನ್ನು ಇಳಿಸಬೇಕು ಎಂದು ಮೊದಲೇ ಬರೆದಿಡಿ

ಸುಸ್ತಾದ ತಲೆಯಲ್ಲಿ ತೀರ್ಮಾನ ತಗೊಳ್ಳುವುದು ಕಷ್ಟ. ಅದಕ್ಕೆ ಹಾಳೆಯ ಕೆಳಗೆ ಈಗಲೇ ಎರಡು ಪಟ್ಟಿ ಮಾಡಿ. ಏನೇ ಆದರೂ ಬಿಡಬಾರದವು: ಆರ್ಗ್ಯಾನಿಕ್, ಇನಾರ್ಗ್ಯಾನಿಕ್, ಫಿಸಿಕಲ್, ಅನಲಿಟಿಕಲ್ ಕೆಮಿಸ್ಟ್ರಿಯ ಮೂಲ ಪೇಪರ್‌ಗಳು, ಅವುಗಳ ಲ್ಯಾಬ್, ಗಣಿತ, ಮತ್ತು ಬೆಸುಗೆಯ ಪ್ರಾಜೆಕ್ಟ್. ಬಿಡಬಹುದಾದವು: ಎರಡನೇ ವಿಷಯದಲ್ಲಿ ನಿಮ್ಮ ಪ್ರಶ್ನೆಗೆ ಸಂಬಂಧ ಇಲ್ಲದ ಪೇಪರ್‌ಗಳು, ಸುಮ್ನೆ ಇರಲಿ ಎಂದು ಸೇರಿಕೊಂಡ ಸರ್ಟಿಫಿಕೇಟ್ ಕೋರ್ಸ್‌ಗಳು.

ಸತತ ಎರಡು ಸೆಮಿಸ್ಟರ್ ಕೆಮಿಸ್ಟ್ರಿಯ ಅಂಕ ಇಳಿದರೆ ಡಬಲ್ ಮೇಜರನ್ನು ಮೈನರ್ ಮಾಡಿಕೊಳ್ಳಿ. ಒಂದೇ ಸೆಮಿಸ್ಟರ್ ಇಳಿದರೆ ಕಾಯಿರಿ. ಹೊಸ ವಿಷಯದ ಭಾಷೆ ಕಿವಿಗೆ ಒಗ್ಗಲು ಅಷ್ಟು ಸಮಯ ಹಿಡಿಯುತ್ತದೆ. ಒಮ್ಮೊಮ್ಮೆ ಉಲ್ಟಾ ಕೂಡ ಆಗುತ್ತದೆ, ಎರಡನೆಯದೇ ನಿಜವಾದ ಪ್ರೀತಿ ಎಂದು ಗೊತ್ತಾಗುತ್ತದೆ. ಫ್ರಾನ್ಸಿಸ್ ಆರ್ನಾಲ್ಡ್ 1979ರಲ್ಲಿ ಪದವಿ ಪಡೆದದ್ದು ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಎಂಜಿನಿಯರಿಂಗ್‌ನಲ್ಲಿ. ಆಮೇಲೆ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಮಾಡಿ, ಕಿಣ್ವಗಳನ್ನು ಲ್ಯಾಬಿನಲ್ಲೇ ವಿಕಾಸಗೊಳಿಸುವ ದಾರಿ ಹಾಕಿದರು. 2018ರಲ್ಲಿ ಅವರಿಗೆ ಸಿಕ್ಕಿದ್ದು ಕೆಮಿಸ್ಟ್ರಿಯ ನೊಬೆಲ್.

ಹಂತ 8: ರೆಸ್ಯೂಮ್‌ನಲ್ಲಿ ಬೆಸುಗೆಯನ್ನೇ ಬರೆಯಿರಿ

"ಕೆಮಿಸ್ಟ್ರಿ ಪದವಿ, ಸಂಖ್ಯಾಶಾಸ್ತ್ರದಲ್ಲಿ ಮೈನರ್" ಎಂದು ಬರೆದರೆ ಓದುವವರು ಎರಡು ಪೆಟ್ಟಿಗೆ ನೋಡುತ್ತಾರೆ. ಅದರ ಕೆಳಗೇ ಒಂದು ಸಾಲು ಸೇರಿಸಿ: "ಸ್ಪೆಕ್ಟ್ರೋಫೋಟೋಮೀಟರ್ ಅಳತೆಗಳಲ್ಲಿ ತಪ್ಪಿನ ಮೂಲಗಳನ್ನು ಬೇರೆ ಮಾಡಿ ಲೆಕ್ಕ ಹಾಕಿದ್ದೇನೆ. ಹೆಚ್ಚಿನ ಪಾಲು ಪಿಪೆಟಿಂಗ್‌ನಿಂದ ಬರುತ್ತಿತ್ತು. ಅದಕ್ಕೆ ತಕ್ಕಂತೆ ಪ್ರಯೋಗದ ವಿಧಾನ ಬದಲಿಸಿದೆ." ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಸಿಕ್ಕಿತೋ ಅದನ್ನೇ, ಅಷ್ಟನ್ನೇ ಬರೆಯಿರಿ. ಸಂದರ್ಶನದಲ್ಲಿ ಈ ಸಾಲನ್ನೇ ಹಿಡಿದು ಕೇಳುತ್ತಾರೆ. ಹಾಗಾಗಿ ಪ್ರಾಜೆಕ್ಟಿನ ಲ್ಯಾಬ್ ನೋಟ್‌ಬುಕ್, ಕೋಡ್, ಗ್ರಾಫ್‌ಗಳನ್ನು ಒಂದೇ ಫೋಲ್ಡರಿನಲ್ಲಿ, ದಿನಾಂಕದ ಸಮೇತ ಇಟ್ಟುಕೊಂಡಿರಿ. ಹಿಂದಿನ ರಾತ್ರಿ ಅದನ್ನು ಒಮ್ಮೆ ಪೂರ್ತಿ ತಿರುವಿ ಹಾಕಿ ಹೋಗಿ.